ಬಂದಳಿಕೆ ಕಾಯುವ ಕಪ್ಪು ಹಕ್ಕಿ

ಮರುಭೂಮಿಯ ಹಕ್ಕಿಗಳಿಗೆ ಬಣ್ಣದ ಹುಚ್ಚು ಕಡಿಮೆ. ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣ ಭಾಗ, ಕ್ಯಾಲಿಫೋರ್ನಿಯದ ಆಗ್ನೇಯ ಮೂಲೆ, ಗಡಿಯಾಚೆ ಮೆಕ್ಸಿಕೊದ ಸೊನೋರಾ, ಇಷ್ಟುದ್ದಕ್ಕೂ ಹಬ್ಬಿರುವ ಸೊನೋರನ್ ಮರುಭೂಮಿಯಲ್ಲಿ ಟೌಹಿ ಎಂಬ ಹಕ್ಕಿ ಕಂದು, ಥ್ರಾಶರ್ ಬೂದುಗಂದು. 1931ರಿಂದ ಅರಿಜೋನಾದ ರಾಜ್ಯಪಕ್ಷಿಯಾಗಿರುವ ಕ್ಯಾಕ್ಟಸ್ ರೆನ್ ಕೂಡ ಕಂದು ಮೈಗೆ ಒಂದಿಷ್ಟು ಬಿಳಿ ಗೀರು, ಕಪ್ಪು ಚುಕ್ಕೆ ಹಾಕಿಕೊಂಡು ತೃಪ್ತಿಪಟ್ಟಿದೆ. ನೆಲವೆಲ್ಲ ಮಣ್ಣುಬಣ್ಣ ಇರುವಲ್ಲಿ ಮಣ್ಣುಬಣ್ಣದಲ್ಲೇ ಇರುವುದು ಜಾಣತನ. ಗಿಡುಗನ ಕಣ್ಣಿಗೆ ಬೀಳದೆ ಬದುಕಬಹುದು. ಪೀಕಲಾಟವೆಲ್ಲ ಹಕ್ಕಿ ನೋಡಲು ಹೋದವರಿಗೆ. ಪೊದೆಯಿಂದ ಪೊದೆಗೆ ಕಂದುಬಣ್ಣದ್ದೇನೋ ಹಾರಿತು, ಯಾವುದಿರಬಹುದು ಎಂದು ಪುಸ್ತಕ ತೆರೆದರೆ ಆ ಪುಟದಲ್ಲಿರುವುದೆಲ್ಲ ಕಂದೇ.

ಈ ನಿಯಮಕ್ಕೂ ತನಗೂ ಸಂಬಂಧವೇ ಇಲ್ಲ ಎಂದುಕೊಂಡ ಹಕ್ಕಿಯೊಂದು ಅದೇ ಮರುಭೂಮಿಯಲ್ಲಿದೆ. ಹೆಸರು ಫೇನೊಪೆಪ್ಲ. ಗಂಡು ಅಡಿಯಿಂದ ಮುಡಿಯವರೆಗೆ ಕಡುಗಪ್ಪು, ಬಿಸಿಲು ಬಿದ್ದರೆ ಮೈಮೇಲೆ ನೀಲಿಯ ಮಿರುಗು. ತಲೆಯ ಮೇಲೆ ಎಂದೂ ಬಾಚಣಿಗೆ ಕಾಣದ ಜುಟ್ಟು. ಕಣ್ಣು ಕೆಂಪು, ಅದೂ ಮಂಕಾದ ಕೆಂಪಲ್ಲ, ದಾಳಿಂಬೆಕಾಳಿನ ಕೆಂಪು. ಮೈ ತೆಳ್ಳಗೆ, ಬಾಲ ಉದ್ದ, ನಿಲುವು ನೆಟ್ಟಗೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ 18ರಿಂದ 21 ಸೆಂಟಿಮೀಟರ್. ತೂಕ ಇಪ್ಪತ್ತು ಚಿಲ್ಲರೆ ಗ್ರಾಮು. ಇಷ್ಟು ಸಣ್ಣ ಜೀವ ಪೊದೆಯೊಳಗೆ ಅಡಗಿ ಕೂರುವುದೂ ಇಲ್ಲ. ಸುತ್ತಮುತ್ತ ಇರುವ ಮರಗಳಲ್ಲಿ ಎತ್ತರದ್ದು ಯಾವುದೋ ಅದರ ತುತ್ತತುದಿಯ ರೆಂಬೆಯೇ ಆಗಬೇಕು. ಅಲ್ಲಿ ಕೂತು ಬಾಲ ಕುಣಿಸುತ್ತದೆ, ಸುತ್ತ ಕಣ್ಣು ಹಾಯಿಸುತ್ತದೆ, ಹಾರಿಬಂದ ಹುಳುವನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ರೆಂಬೆಗೆ ಮರಳುತ್ತದೆ.

ಗುರುತಿಸಲು ಇದಕ್ಕಿಂತ ಸುಲಭದ ಹಕ್ಕಿ ಇರಲಾರದು ಎಂದೇ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಗಂಡಿನ ಮಟ್ಟಿಗೆ ಅದು ನಿಜ. ಅಮೆರಿಕದ ನೆಲದಲ್ಲಿ ಅದರ ಕುಟುಂಬಕ್ಕೆ ಸೇರಿದ ಬೇರೆ ಹಕ್ಕಿ ಸಾಮಾನ್ಯವಾಗಿ ಕಾಣಸಿಗುವುದೂ ಇಲ್ಲ. ರೇಷ್ಮೆ ನೊಣಹಿಡುಕ ಎನ್ನಬಹುದಾದ ಈ ಪುಟ್ಟ ಮನೆತನದಲ್ಲಿ ಇರುವುದು ನಾಲ್ಕೇ ಪ್ರಭೇದ, ಉಳಿದ ಮೂರೂ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟಗಾಡುಗಳ ವಾಸಿಗಳು.

ಆದರೂ ಕನ್ನಡದ ಕಣ್ಣು ಮೊದಲ ಸಲ ಇದನ್ನು ಕಂಡಾಗ ಬಾಯಿಗೆ ಬರುವ ಹೆಸರು ಬೇರೆ. ಫೀನಿಕ್ಸ್ ಪಕ್ಕದ ಚಾಂಡ್ಲರ್, ಟೆಂಪೆಗಳಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ, ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡಿಗರು ಸಾಕಷ್ಟಿದ್ದಾರೆ. ಅವರ ಅಪ್ಪ ಅಮ್ಮಂದಿರು ಬರುವುದು, ಸ್ವಲ್ಪ ತಿಳಿದವರಾದರೆ, ಚಳಿಗಾಲಕ್ಕೆ. ಬೆಳಗಿನ ವಾಕಿಂಗ್ ಹೊತ್ತಿಗೆ ಬೀದಿಯಂಚಿನ ಮರದ ಮೇಲೆ ಕಪ್ಪು ಹಕ್ಕಿ ಕೂತದ್ದು ಕಂಡರೆ ಸಂಭಾಷಣೆ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ.

“ರೀ, ಅಲ್ನೋಡಿ, ಕಾಜಾಣ!”

“ಕಾಜಾಣಕ್ಕೆ ಜುಟ್ಟು ಎಲ್ಲಿಂದ ಬಂತೇ?”

ಇಬ್ಬರ ಮಾತಿನಲ್ಲೂ ಹುರುಳಿದೆ. ಹೊಲದ ಬೇಲಿಯ ಮೇಲೆ, ಎಮ್ಮೆಯ ಬೆನ್ನ ಮೇಲೆ ಕೂರುವ ಕಾಜಾಣ ಕೂಡ ಮಿರುಗುವ ಕಪ್ಪು, ಅದೂ ಎತ್ತರದಲ್ಲಿ ಕೂತು ಹಾರುವ ಹುಳುವಿಗೆ ಹೊಂಚುಹಾಕುತ್ತದೆ. ಆದರೆ ಅದು ಇದಕ್ಕಿಂತ ದೊಡ್ಡದು, ಬಾಲ ಕವಲು, ಜುಟ್ಟಿಲ್ಲ. ಪಶ್ಚಿಮ ಘಟ್ಟದ ಭೀಮರಾಜನಿಗೆ ಹಣೆಯ ಮೇಲೆ ಗರಿಯ ಗೊಂಚಲು ಇದೆಯಾದರೂ ಬಾಲದಿಂದ ಇಳಿಬಿದ್ದ ಎರಡು ಉದ್ದ ಎಳೆಗಳು ಅನುಮಾನಕ್ಕೆ ಎಡೆ ಕೊಡುವುದಿಲ್ಲ. ಜುಟ್ಟಿನ ಮಟ್ಟಿಗೆ ಫೇನೊಪೆಪ್ಲ ಪಿಕಳಾರಕ್ಕೆ ಹತ್ತಿರ, ಬಣ್ಣದ ಮಟ್ಟಿಗೆ ಕಾಜಾಣಕ್ಕೆ, ಹುಟ್ಟಿನ ಮಟ್ಟಿಗೆ ಎರಡಕ್ಕೂ ದೂರ. ಅದರ ನಿಜವಾದ ನೆಂಟರು ಉತ್ತರದ ತಂಪು ಸೀಮೆಯ ವ್ಯಾಕ್ಸ್‌ವಿಂಗ್ ಹಕ್ಕಿಗಳು. ಜುಟ್ಟೂ ಹಣ್ಣಿನ ಹಂಬಲವೂ ಆ ಕಡೆಯ ಬಳುವಳಿ.

ತೊಡಕು ಶುರುವಾಗುವುದು ಹೆಣ್ಣಿನಿಂದ. ಅದು ಬೂದು. ಜುಟ್ಟು ಇದೆ, ಕೆಂಪುಗಣ್ಣು ಇದೆ, ಆದರೆ ಗಂಡಿನ ದರ್ಬಾರಿಲ್ಲ. ಬೂದುಬಣ್ಣಕ್ಕೆ ಜುಟ್ಟು ಸೇರಿದ ತಕ್ಷಣ ಅದೇ ಮುಳ್ಳುಕಾಡಿನ ಪಿರುಲಾಕ್ಸಿಯಾ ನೆನಪಾಗಬೇಕು. ಅದೂ ಬೂದು, ಅದಕ್ಕೂ ಎತ್ತರದ ಜುಟ್ಟು. ಇಲ್ಲಿ ಬಣ್ಣ ಬಿಟ್ಟು ಕೊಕ್ಕು ನೋಡಬೇಕು. ಪಿರುಲಾಕ್ಸಿಯಾದ ಕೊಕ್ಕು ಗಿಳಿಯ ಕೊಕ್ಕಿನಷ್ಟು ದಪ್ಪ, ಹಳದಿ, ಬೀಜ ಒಡೆಯಲಿಕ್ಕೆ ಹೇಳಿ ಮಾಡಿಸಿದ್ದು. ಫೇನೊಪೆಪ್ಲದ್ದು ಕಿರಿದು, ಕಪ್ಪು, ಸಪೂರ. ಅದರಲ್ಲಿ ಬೀಜ ಒಡೆಯಲಾಗದು, ಹಣ್ಣು ಕಿತ್ತು ನುಂಗಬಹುದು. ಪಿರುಲಾಕ್ಸಿಯಾದ ಮುಖದಲ್ಲೂ ರೆಕ್ಕೆಯಲ್ಲೂ ಅಲ್ಲಲ್ಲಿ ಕೆಂಪು ಹತ್ತಿರುತ್ತದೆ, ಕಣ್ಣು ಮಾತ್ರ ಕಪ್ಪು. ಫೇನೊಪೆಪ್ಲದ ಹೆಣ್ಣಿನಲ್ಲಿ ಅದು ತಿರುಗುಮುರುಗು: ಮೈಯಲ್ಲೆಲ್ಲೂ ಕೆಂಪಿಲ್ಲ, ಕಣ್ಣಲ್ಲಿದೆ.

ಮರಿಗಳ ಕಥೆ ಇನ್ನೂ ಗೋಜಲು. ಅವುಗಳ ಕಣ್ಣು ಕಂದು, ಹಾಗಾಗಿ ಕೆಂಪುಗಣ್ಣಿನ ಸೂತ್ರ ಅಲ್ಲಿ ಕೆಲಸ ಮಾಡುವುದಿಲ್ಲ. ಎಳೆಯ ಗಂಡು ಬೂದಿನಿಂದ ಕಪ್ಪಿಗೆ ದಾಟುವಾಗ ಮೈಯೆಲ್ಲ ತೇಪೆ ತೇಪೆ. ಪುಸ್ತಕದ ಚಿತ್ರಗಳಲ್ಲಿ ಎಲ್ಲ ಹಕ್ಕಿಗಳೂ ಮದುವೆಗೆ ಹೊರಟು ನಿಂತಿರುತ್ತವೆ. ಹೊರಗೆ ಹೋದರೆ ಈ ತೇಪೆಯವೂ ಸಿಗುತ್ತವೆ.

ಕೂತಾಗ ಬಗೆಹರಿಯದ ಅನುಮಾನವನ್ನು ಹಕ್ಕಿ ಹಾರಿ ಬಗೆಹರಿಸಿಬಿಡುತ್ತದೆ. ಗಂಡು ರೆಂಬೆ ಬಿಟ್ಟು ಎದ್ದದ್ದೇ ತಡ, ಅಷ್ಟು ಹೊತ್ತು ಕಪ್ಪಿನೊಳಗೆ ಮುಚ್ಚಿಟ್ಟಿದ್ದ ಎರಡು ಬಿಳಿ ಪಟ್ಟಿಗಳು ರೆಕ್ಕೆಯ ತುದಿಗಳಲ್ಲಿ ಹೊಳೆಯುತ್ತವೆ. ಹೆಣ್ಣಿನಲ್ಲಿ ಆ ಜಾಗ ತಿಳಿಬೂದು. ರೆಕ್ಕೆಯಲ್ಲಿ ಬಿಳಿ ಇರುವ ಮಾಕಿಂಗ್‌ಬರ್ಡ್ ಅದೇ ಊರಲ್ಲಿ ಬೇಕಾದಷ್ಟಿದೆ ನಿಜ, ಆದರೆ ಅದರ ಬಾಲದ ಅಂಚೂ ಬಿಳಿ, ತಲೆ ನುಣುಪು. ಹಾರಾಟದ ರೀತಿಯೂ ಬೇರೆ. ಫೇನೊಪೆಪ್ಲ ನೇರ ಗೆರೆ ಎಳೆದಂತೆ ಹೋಗುವ ಪೈಕಿಯಲ್ಲ. ಹಗುರವಾಗಿ, ಪಟಪಟನೆ, ಎಲ್ಲಿಗೆ ಹೋಗಬೇಕೆಂದು ದಾರಿಯಲ್ಲಿ ತೀರ್ಮಾನಿಸಿದರಾಯಿತು ಎನ್ನುವ ಧಾಟಿಯಲ್ಲಿ ತೇಲುತ್ತದೆ. ಕೂಗು ಇನ್ನೊಂದು ಸುಳಿವು: ತಗ್ಗಿದ ದನಿಯಲ್ಲಿ ‘ವರ್ಪ್?’ ಎಂದು ಒಂದೇ ಪ್ರಶ್ನೆ. ಉತ್ತರಕ್ಕೆ ಕಾಯದೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ.

ಹೀಗೆ ಕೊಕ್ಕು, ಜುಟ್ಟು, ರೆಕ್ಕೆಯ ಪಟ್ಟಿ, ಹಾರುವ ಚಂದ ಇವನ್ನೆಲ್ಲ ದೂರದಿಂದ ನೋಡಿಯೇ ಹಕ್ಕಿಯ ಹೆಸರು ಹೇಳುವುದು ಇಂದು ಸಹಜ ಅನ್ನಿಸುತ್ತದೆ. 19ನೆಯ ಶತಮಾನದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಕೋವಿಯಿಂದ ಹೊಡೆದು ಕೆಡವಿ, ಕೈಯಲ್ಲಿ ಹಿಡಿದು, ಗರಿ ಎಣಿಸುವುದು. ಆ ಅಭ್ಯಾಸಕ್ಕೆ ಬೆನ್ನು ಹಾಕಿದವರಲ್ಲಿ ಫ್ಲಾರೆನ್ಸ್ ಮೆರಿಯಂ ಬೇಯ್ಲಿ ಮುಖ್ಯರು. ನಾಟಕ ನೋಡಲು ಒಯ್ಯುವ ಪುಟ್ಟ ದುರ್ಬೀನನ್ನು ಹಿಡಿದು ಹಕ್ಕಿ ನೋಡುವ ಬಗೆಯನ್ನು ಅವರು 1889ರಲ್ಲೇ ಪುಸ್ತಕವಾಗಿ ಬರೆದರು. ಇಂದಿನ ಬಗೆಯ ಹಕ್ಕಿ ಕೈಪಿಡಿಗಳಿಗೆ ಅದನ್ನೇ ಮೂಲ ಎನ್ನುವವರಿದ್ದಾರೆ. ರೋಜರ್ ಟೋರಿ ಪೀಟರ್ಸನ್ನರ ಪ್ರಸಿದ್ಧ ಕೈಪಿಡಿ ಬಂದದ್ದು 1934ರಲ್ಲಿ, ಎಂದರೆ ನಲವತ್ತೈದು ವರ್ಷಗಳ ಮೇಲೆ. ಫ್ಲಾರೆನ್ಸ್ ಮುಂದೆ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಸೀಮೆಯ ಟ್ವಿನ್ ಓಕ್ಸ್ ಕಣಿವೆಯಲ್ಲಿ ಕುದುರೆ ಏರಿ ಹಕ್ಕಿ ನೋಡುತ್ತ ತಿರುಗಿದರು, 1896ರಲ್ಲಿ ಆ ಅನುಭವವನ್ನೂ ಪುಸ್ತಕ ಮಾಡಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದವುಗಳಲ್ಲಿ ಫೇನೊಪೆಪ್ಲವೂ ಒಂದು. ಒಂದು ವಿವರ ಮನಸ್ಸಿನಲ್ಲಿಟ್ಟುಕೊಳ್ಳುವಂಥದು: ಆ ಕಣಿವೆ ಮರುಭೂಮಿಯಲ್ಲ. ಕಡಲಿಗೆ ಹತ್ತಿರದ, ಓಕ್ ಮರಗಳ ನಾಡು.

ಅರಿಜೋನಾದ ಟ್ಯೂಸಾನ್ ಊರಿನ ಹಳೆಯ ಹಕ್ಕಿವೀಕ್ಷಕರು ಹೊಸಬರಿಗೆ ಹೇಳಿಕೊಡಬೇಕಾದದ್ದು ಇದು ಯಾವುದೂ ಅಲ್ಲ ಅನ್ನಿಸುತ್ತದೆ. ಹಕ್ಕಿಯನ್ನು ಹುಡುಕುವುದು ಬಿಟ್ಟು ಮರ ನೋಡಬೇಕು. ಮಳೆ ಬಂದಾಗಷ್ಟೇ ನೀರು ಹರಿಯುವ ಒಣಹಳ್ಳಗಳ ದಂಡೆಯಲ್ಲಿ ಮೆಸ್ಕೀಟ್, ಪ್ಯಾಲೊ ವರ್ಡಿ, ಐರನ್‌ವುಡ್ ಮರಗಳು ಸಾಲಾಗಿ ಬೆಳೆದಿರುತ್ತವೆ. ಅವುಗಳಲ್ಲಿ ಕೆಲವದರ ಕೊಂಬೆಗಳಿಂದ ಜಡೆಗಟ್ಟಿದ ಕಡ್ಡಿಗಳ ಮುದ್ದೆಯೊಂದು ಜೋತುಬಿದ್ದಿರುತ್ತದೆ. ಎಲೆ ಇಲ್ಲ, ಬರೀ ಕಡ್ಡಿ. ಚಳಿಗಾಲದಲ್ಲಿ ಆ ಕಡ್ಡಿಗಳಿಗೆ ಅಂಟಿಕೊಂಡು ಮೆಣಸಿನ ಗಾತ್ರದ ಕೆಂಪು ಹಣ್ಣುಗಳು. ಅಂಥ ಮುದ್ದೆ ಕಂಡಲ್ಲಿ ಐದು ನಿಮಿಷ ನಿಂತರೆ ‘ವರ್ಪ್?’ ಕೇಳಿಸುತ್ತದೆ. ಜುಟ್ಟು, ಕಣ್ಣು, ರೆಕ್ಕೆಯ ಬಿಳಿ ಎಲ್ಲ ಆಮೇಲಿನ ಖಾತರಿ.

ವಾಕಿಂಗ್ ಹೋದ ದಂಪತಿಯಲ್ಲಿ ಮನೆಯಾಕೆ ಮಾವಿನ ತೋಟ ಇದ್ದ ಊರಿನವರಾದರೆ ಇದನ್ನು ಪುಸ್ತಕವಿಲ್ಲದೆ ಗುರುತಿಸುತ್ತಾರೆ. “ಇದೇನ್ರೀ, ಇಲ್ಲೂ ಬಂದಳಿಕೆ!” ಹೌದು, ಬಂದಳಿಕೆಯೇ, ಕೆಲವು ಕಡೆ ಬದನಿಕೆ ಎನ್ನುವುದೂ ಅದನ್ನೇ. ಮಾವು, ಸಪೋಟ, ಹೊಂಗೆ ಯಾವುದರ ಮೇಲಾದರೂ ಬೇರೂರಿ, ಆ ಮರದ ನೀರು ಕುಡಿದು, ಸ್ವಂತ ಎಲೆಯಲ್ಲಿ ಅಡುಗೆ ಮಾಡಿಕೊಳ್ಳುವ ಅರೆಪರಾವಲಂಬಿ. ನಮ್ಮದಕ್ಕೆ ದಪ್ಪ ಎಲೆ ಇದೆ, ಕಿತ್ತಳೆ ಬಣ್ಣದ ಕೊಳವೆಹೂವು ಇದೆ. ಮರುಭೂಮಿಯದು ನೀರು ಉಳಿಸಲೆಂದು ಎಲೆಯನ್ನು ಬರೀ ಹುರುಪೆಯ ಮಟ್ಟಕ್ಕೆ ಇಳಿಸಿ ಹಸಿರು ಕಡ್ಡಿಯಲ್ಲೇ ಆಹಾರ ತಯಾರಿಸುತ್ತದೆ. ಸಸ್ಯಶಾಸ್ತ್ರಜ್ಞರಲ್ಲಿ ಅನೇಕರು ಅದನ್ನು ಸೇರಿಸುವುದು ಶ್ರೀಗಂಧದ ಕುಟುಂಬಕ್ಕೆ. ಗಂಧದ ಮರ ಕೂಡ ಪಕ್ಕದ ಗಿಡಗಳ ಬೇರಿಗೆ ಬಾಯಿ ಹಾಕಿಯೇ ಬೆಳೆಯುವಂಥದು. ಮೈಸೂರಿನ ಕೀರ್ತಿ ಹಬ್ಬಿಸಿದ ಮರವಾದ್ದರಿಂದ ಅದನ್ನು ಯಾರೂ ಪರಾವಲಂಬಿ ಎಂದು ಹೀಗಳೆಯಲಿಲ್ಲ, ಅಷ್ಟೆ.

ಇನ್ನು ಮೆಸ್ಕೀಟ್. ಅದರ ಮುಳ್ಳು, ಗರಿಗರಿ ಎಲೆ, ಉದ್ದನೆಯ ಕಾಯಿ ನೋಡಿದರೆ ಚಿತ್ರದುರ್ಗ, ಬಳ್ಳಾರಿ, ರಾಯಚೂರಿನ ಕಡೆಯವರಿಗೆ ತಮ್ಮೂರಿನ ಕೆರೆಯಂಗಳವೇ ಎದ್ದು ಬಂದಂತಾಗಬೇಕು. ಬಳ್ಳಾರಿ ಜಾಲಿ ಇದರ ತೀರ ಹತ್ತಿರದ ದಾಯಾದಿ. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಭಾರತಕ್ಕೆ ತಂದ ಮರ, ಈಗ ಬಯಲುಸೀಮೆಯ ಬೀಳು ಬಿದ್ದ ನೆಲವನ್ನೆಲ್ಲ ತನ್ನದು ಮಾಡಿಕೊಂಡಿದೆ. ಮರ ಬಂತು. ಅದರ ಮೇಲಿನ ಕೆಂಪು ಹಣ್ಣಿನ ಬಂದಳಿಕೆಯಾಗಲಿ ಆ ಬಂದಳಿಕೆಯನ್ನು ಕಾಯುವ ಕರಿಹಕ್ಕಿಯಾಗಲಿ ಜೊತೆಗೆ ಬರಲಿಲ್ಲ.

ಕಾಯುವುದು ಎಂಬುದು ಅಲಂಕಾರಕ್ಕೆ ಹೇಳಿದ ಮಾತಲ್ಲ. ಮರುಭೂಮಿಯಲ್ಲಿ ಪ್ರತಿಯೊಂದು ಗಂಡೂ ಬಂದಳಿಕೆಯ ಕೆಲವು ಗೊಂಚಲುಗಳನ್ನು ತನ್ನ ಜಹಗೀರು ಮಾಡಿಕೊಂಡು, ಬೇರೆ ಹಣ್ಣುಬಾಕರು ಹತ್ತಿರ ಸುಳಿದರೆ ಅಟ್ಟಿಸಿಕೊಂಡು ಹೋಗುತ್ತದೆ. ತುದಿರೆಂಬೆಯ ಆಸನದ ಗುಟ್ಟು ಇದು. ಅಲ್ಲಿಂದ ಆಸ್ತಿಯ ನಾಲ್ಕು ಗಡಿಯೂ ಕಾಣುತ್ತದೆ. ಹಣ್ಣು ಸಮೃದ್ಧವಾಗಿದ್ದಾಗ ಒಂದು ಹಕ್ಕಿ ದಿನಕ್ಕೆ 1,100 ಹಣ್ಣುಗಳವರೆಗೂ ತಿನ್ನುತ್ತದೆ ಎಂಬ ಲೆಕ್ಕವಿದೆ. ಇಪ್ಪತ್ತು ಚಿಲ್ಲರೆ ಗ್ರಾಮಿನ ಹೊಟ್ಟೆಗೆ ಇಷ್ಟು ಸರಕು ಹಿಡಿಯುವುದಾದರೂ ಹೇಗೆ?

ಹಿಡಿಯುವುದಿಲ್ಲ, ಹರಿದುಹೋಗುತ್ತದೆ. 1975ರಲ್ಲಿ ಗ್ಲೆನ್ ವಾಲ್ಸ್‌ಬರ್ಗ್ ಎಂಬ ವಿಜ್ಞಾನಿ ಈ ಹಕ್ಕಿಯ ಜೀರ್ಣಾಂಗವನ್ನು ಬಿಡಿಸಿ ನೋಡಿ ಬರೆದ ಪ್ರಬಂಧ ಇಂದಿಗೂ ಬೆರಗು ಹುಟ್ಟಿಸುವಂಥದು. ಕಾಳು ತಿನ್ನುವ ಹಕ್ಕಿಗಳಲ್ಲಿ ತಿಂದದ್ದನ್ನು ಅರೆಯುವ ಗಟ್ಟಿ ಸ್ನಾಯುವಿನ ಚೀಲವೊಂದು ಇರುತ್ತದೆ. ಫೇನೊಪೆಪ್ಲದಲ್ಲಿ ಅದು ಚಿಕ್ಕದು, ತೆಳು, ಅರೆಯುವ ಗೋಜಿಗೇ ಹೋಗುವುದಿಲ್ಲ. ಅದು ಮಾಡುವುದು ಮಾಗಿಯ ದಿನಗಳಲ್ಲಿ ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ನೆನೆಸಿದ ಅವರೆಕಾಳನ್ನು ಬೆರಳುಗಳ ನಡುವೆ ಹಿದುಕುವ ಕೆಲಸ. ಒಂದೊಂದೇ ಹಣ್ಣನ್ನು ಒತ್ತಿದರೆ ಒಳಗಿನ ಬೀಜವೂ ತಿರುಳೂ ಪುಳಕ್ಕನೆ ಮುಂದಿನ ಕರುಳಿಗೆ, ಸಿಪ್ಪೆ ಹಿಂದಕ್ಕೆ. ಹೀಗೆ ಸಿಪ್ಪೆಗಳು ಹಲವು ಸೇರಿದ ಮೇಲೆ ಅವನ್ನು ಒಂದರೊಳಗೊಂದು ಅಡಕಿ ಒಟ್ಟಿಗೆ ಹೊರಕಳಿಸಲಾಗುತ್ತದೆ. ನುಂಗಿದ ಹಣ್ಣಿನ ಬೀಜ ಅರ್ಧ ಗಂಟೆಯ ಆಸುಪಾಸಿನಲ್ಲಿ, ಯಾವ ಪೆಟ್ಟೂ ಇಲ್ಲದೆ, ಇನ್ನೊಂದು ತುದಿಯಿಂದ ಹೊರಬಂದಿರುತ್ತದೆ. ಹಣ್ಣಿನಲ್ಲಿ ಸತ್ತ್ವ ಕಡಿಮೆ, ನೀರು ಹೆಚ್ಚು. ಆದ್ದರಿಂದ ರಾಶಿಗಟ್ಟಲೆ ತಿನ್ನಬೇಕು, ತಿಂದದ್ದು ಬೇಗ ಜಾಗ ಬಿಡಬೇಕು.

ಆ ನೀರಿನಲ್ಲೇ ಅದರ ಮರುಭೂಮಿವಾಸದ ಗುಟ್ಟೂ ಅಡಗಿದೆ. ಫೇನೊಪೆಪ್ಲ ನೀರು ಕುಡಿಯುವುದು ಅಪರೂಪ. ದಿನವೊಂದಕ್ಕೆ ಅದು ಕಳೆದುಕೊಳ್ಳುವ ನೀರಿನ ತೂಕ ತನ್ನ ಮೈತೂಕದ ಶೇಕಡಾ 95ರಷ್ಟು. ಅಷ್ಟನ್ನೂ ತುಂಬಿಕೊಡುವುದು ಬಂದಳಿಕೆಯ ಹಣ್ಣು. ಬಂದಳಿಕೆ ಆ ನೀರನ್ನು ಕದ್ದದ್ದು ಮೆಸ್ಕೀಟಿನಿಂದ. ಮೆಸ್ಕೀಟು ಎಳೆದದ್ದು ಹತ್ತಾರು ಅಡಿ ಆಳದ ನೆಲದೊಡಲಿನಿಂದ. ಕೆರೆ ಕಟ್ಟೆ ಇಲ್ಲದ ಊರಿನಲ್ಲಿ ಇಷ್ಟು ಚೊಕ್ಕಟವಾದ ನೀರಾವರಿ ವ್ಯವಸ್ಥೆ ಮಾಡಿಕೊಂಡ ಹಕ್ಕಿಯನ್ನು ಮೆಚ್ಚದೆ ಇರುವುದು ಹೇಗೆ? ಮನೆಯಂಗಳದಲ್ಲಿ ಕಾಳಿನ ಡಬ್ಬಿ ತೂಗುಹಾಕಿ ಈ ಹಕ್ಕಿಗಾಗಿ ಕಾಯುವವರಿಗೆ ಅದು ಸಾಮಾನ್ಯವಾಗಿ ಒಲಿಯದಿರುವುದಕ್ಕೆ ಕಾರಣವೂ ಇದೇ. ಅದಕ್ಕೆ ಬೇಕಾದದ್ದು ಡಬ್ಬಿಯಲ್ಲಿಲ್ಲ.

ಅಷ್ಟು ಬಿಸಿಲಲ್ಲಿ ಕಪ್ಪು ಅಂಗಿ ಏಕೆ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕಾದದ್ದೇ. ಇದೇ ವಾಲ್ಸ್‌ಬರ್ಗ್ ಮತ್ತು ಸಂಗಡಿಗರು 1978ರಲ್ಲಿ ಪಾರಿವಾಳದ ಕಪ್ಪು ಮತ್ತು ಬಿಳಿ ಗರಿಹೊದಿಕೆಗಳನ್ನು ಅಳತೆಗೆ ಒಡ್ಡಿ, ಗರಿ ನಿಮಿರಿಸಿಕೊಂಡಿದ್ದು ಗಾಳಿ ಸೆಕೆಂಡಿಗೆ 3 ಮೀಟರಿಗಿಂತ ಜೋರಾಗಿದ್ದರೆ ಕಪ್ಪು ಹೊದಿಕೆಯೇ ಕಡಿಮೆ ಕಾಯುತ್ತದೆ ಎಂದು ತೋರಿಸಿದರು. ಬಿಳಿ ಗರಿಯಲ್ಲಿ ಬಿಸಿಲು ಒಳಗೊಳಗೆ ಇಳಿದು ಚರ್ಮದ ಹತ್ತಿರ ತಲುಪುತ್ತದೆ; ಕಪ್ಪು ಗರಿಯಲ್ಲಿ ಅದು ಮೇಲ್ಪದರದಲ್ಲೇ ನಿಲ್ಲುವುದರಿಂದ ಗಾಳಿ ಸುಲಭವಾಗಿ ಹೊತ್ತೊಯ್ಯುತ್ತದೆ. ಪಾರಿವಾಳದ ಗರಿಯ ಲೆಕ್ಕವನ್ನು ಫೇನೊಪೆಪ್ಲಕ್ಕೆ ಇಡಿಯಾಗಿ ಹೊರಿಸುವುದು ಅವಸರವಾದೀತು. ಆದರೂ ಮರದ ತುದಿಯಲ್ಲಿ ಗಾಳಿ ಚೆನ್ನಾಗಿ ಬೀಸುವುದಂತೂ ನಿಜ.

ಹಕ್ಕಿ ಕಾಣದಿದ್ದರೂ ಅದರ ಮನೆ ಪತ್ತೆಹಚ್ಚುವ ಉಪಾಯ ಒಂದಿದೆ. ಕೊಂಚ ಗಲೀಜು, ಆದರೆ ಖಚಿತ. ಬಂದಳಿಕೆಯ ಗೊಂಚಲಿನ ಕೆಳಗಿನ ಕೊಂಬೆಗಳನ್ನು ನೋಡಬೇಕು. ಅಂಟುಅಂಟಾದ ಬೀಜಗಳು ಹಿಕ್ಕೆಯ ಜೊತೆಗೆ ಸಾಲುಗಟ್ಟಿ ಮೆತ್ತಿಕೊಂಡಿರುತ್ತವೆ, ಕೆಲವು ದಾರದಂಥ ಅಂಟಿನ ಎಳೆಯಲ್ಲಿ ನೇತಾಡುತ್ತಿರುತ್ತವೆ. ಕರ್ನಾಟಕದ ತೋಟಗಳಲ್ಲಿ ಈ ಕೆಲಸ ಮಾಡುವುದು ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ. ಅದೂ ಬಂದಳಿಕೆಯ ಹಣ್ಣು ನುಂಗುತ್ತದೆ, ಅಂಟುಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಎರಡು ಖಂಡ, ಎರಡು ಬೇರೆ ಬೇರೆ ಕುಲದ ಹಕ್ಕಿ, ವೃತ್ತಿ ಒಂದೇ. ಬದನಿಕೆ ಹಕ್ಕಿಗೆ ಹೆಸರನ್ನೇ ಆ ಗಿಡದಿಂದ ಕೊಟ್ಟ ಹಳ್ಳಿಗರು ಹಕ್ಕಿಯ ಬಣ್ಣ ನೋಡಿ ಹೆಸರಿಟ್ಟವರಲ್ಲ, ಕಸುಬು ನೋಡಿ ಇಟ್ಟವರು.

ಟ್ಯೂಸಾನಿನ ದಕ್ಷಿಣಕ್ಕೆ, 1903ರಿಂದ ನಡೆಯುತ್ತಿರುವ ಸಾಂಟಾ ರೀಟಾ ಪ್ರಯೋಗಕ್ಷೇತ್ರದಲ್ಲಿ ಜೂಲಿಯನ್ ಆಕೀಮಾ ಮತ್ತು ಕಾರ್ಲೋಸ್ ಮಾರ್ಟಿನೆಸ್ ಡೆಲ್ ರಿಯೊ ಈ ಬೀಜಗಳು ಯಾವ ಮರಕ್ಕೆ ಬೀಳುತ್ತವೆ ಎಂದು ಲೆಕ್ಕ ಹಾಕಿದರು. 2002ರಲ್ಲಿ ಪ್ರಕಟವಾದ ಅವರ ಫಲಿತಾಂಶ, ಹಳ್ಳಿಯ ಸಾಲದ ಲೆಕ್ಕ ಬಲ್ಲವರಿಗೆ ಆಶ್ಚರ್ಯ ತರುವುದಿಲ್ಲ. ಈಗಾಗಲೇ ಬಂದಳಿಕೆ ಹಿಡಿದ ಮರಗಳಿಗೇ ಹೆಚ್ಚು ಬೀಜ, ಎತ್ತರದ ಮರಗಳಿಗೆ ಇನ್ನೂ ಹೆಚ್ಚು. ಹಣ್ಣಿರುವ ಕಡೆ ಹಕ್ಕಿ, ಹಕ್ಕಿ ಕೂತ ಕಡೆ ಬೀಜ, ಬೀಜ ಬಿದ್ದ ಕಡೆ ಮತ್ತಷ್ಟು ಹಣ್ಣು. ಮೆಸ್ಕೀಟಿನ ಪಾಡು ಮೆಸ್ಕೀಟಿಗೇ ಗೊತ್ತು. ನಗರದಲ್ಲಿ ಅಂಗಳದ ಮರ ಸೊರಗೀತೆಂದು ಕೆಲವರು ಗೊಂಚಲನ್ನು ಕತ್ತರಿಸಿ ಹಾಕುತ್ತಾರೆ. ನಮ್ಮಲ್ಲಿ ಮಾವಿನ ತೋಟದವರೂ ಕತ್ತಿ ಹಿಡಿದು ಮಾಡುವುದು ಅದನ್ನೇ. ಮರದ ಪರ ನಿಂತು ನೋಡಿದರೆ ಸರಿ. ಹಕ್ಕಿಗೆ ಮಾತ್ರ ಅಡುಗೆಮನೆಯೂ ತೊಟ್ಟಿಲುಮನೆಯೂ ಒಟ್ಟಿಗೆ ಹೋಯಿತು. ಏಕೆಂದರೆ ಗೂಡು ಕೂಡ ಎಷ್ಟೋ ಸಲ ಆ ಗೊಂಚಲಿನೊಳಗೇ ಇರುತ್ತದೆ. ಸಣ್ಣ ಕಡ್ಡಿಗಳನ್ನು ಜೇಡನ ಬಲೆಯಿಂದ ಬಿಗಿದ ಆ ಆಳವಿಲ್ಲದ ಬಟ್ಟಲನ್ನು ಬಹುಪಾಲು ಕಟ್ಟುವುದು ಗಂಡು. ಮೊಟ್ಟೆ ಎರಡೋ ಮೂರೋ, ಕಾವು ಕೂರುವುದು ಸರದಿಯ ಮೇಲೆ.

ಮರಿ ಹಾರುವ ಹೊತ್ತಿಗೆ ವಸಂತ ಮುಗಿಯುತ್ತ ಬಂದಿರುತ್ತದೆ, ಹಣ್ಣೂ ಮುಗಿಯುತ್ತದೆ. ಫೀನಿಕ್ಸಿನಲ್ಲಿ 2023ರ ಬೇಸಿಗೆಯಲ್ಲಿ ಬಿಡುವಿಲ್ಲದೆ 31 ದಿನ ಗರಿಷ್ಠ ತಾಪಮಾನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ತಿಂಗಳಲ್ಲಿ ಬೈನಾಕ್ಯುಲರ್ ಹಿಡಿದು ಹೊರಟರೆ ಮೆಸ್ಕೀಟಿನ ತುದಿ ಸಾಮಾನ್ಯವಾಗಿ ಖಾಲಿ. ಕರಿಯ ಒಡೆಯರು ಆಗಲೇ ಊರು ಬಿಟ್ಟಿರುತ್ತಾರೆ.

ಎಲ್ಲಿಗೆ? ಈ ಪ್ರಶ್ನೆ ಪಕ್ಷಿಶಾಸ್ತ್ರಜ್ಞರನ್ನು ಬಹಳ ಕಾಲ ಕಾಡಿತು. ಫ್ಲಾರೆನ್ಸ್ ಕುದುರೆ ಏರಿ ತಿರುಗಿದಂಥ ಓಕ್ ಕಣಿವೆಗಳಲ್ಲಿ ಮೇ ತಿಂಗಳ ಹೊತ್ತಿಗೆ ಫೇನೊಪೆಪ್ಲಗಳು ಪ್ರತ್ಯಕ್ಷವಾಗಿ, ಅಲ್ಲೂ ಗೂಡು ಕಟ್ಟಿ, ಮರಿ ಮಾಡುತ್ತವೆ. ಮರುಭೂಮಿಯಲ್ಲಿ ಗೂಡು ಕಟ್ಟುವುದು ಫೆಬ್ರವರಿಯಿಂದ ಏಪ್ರಿಲ್, ಕಾಡಿನಲ್ಲಿ ಮೇಯಿಂದ ಜುಲೈ. ಎರಡೂ ಕಡೆಯ ಹಕ್ಕಿಗಳಿಗೆ ಅದೇ ಜುಟ್ಟು, ಅದೇ ಕೆಂಪುಗಣ್ಣು, ಅದೇ ‘ವರ್ಪ್?’. ಆದರೆ ನಡತೆ ನೋಡಿದರೆ ಬೇರೆ ಜಾತಿಯೇ ಇರಬೇಕು ಅನ್ನಿಸುವಷ್ಟು ಅಂತರ. ಮರುಭೂಮಿಯಲ್ಲಿ ನೆರೆಯವನ ನೆರಳು ಕಂಡರಾಗದ ಹಕ್ಕಿ, ಕಾಡಿನಲ್ಲಿ ಒಂದೇ ಮರದ ಮೇಲೆ ಮೂರು ನಾಲ್ಕು ಸಂಸಾರ ಹೂಡಿಕೊಂಡು ಒಟ್ಟಿಗೆ ಹಣ್ಣಿಗೆ ಹೋಗಿಬರುತ್ತದೆ. ಕಾರಣವನ್ನು ವಾಲ್ಸ್‌ಬರ್ಗ್ ಹಣ್ಣಿನಲ್ಲೇ ಹುಡುಕಿದರು. ಬಂದಳಿಕೆಯ ಗೊಂಚಲು ಒಂದು ಕಡೆ ನಿಂತ ಆಸ್ತಿ, ಕಾಯಲು ಬರುತ್ತದೆ. ಕಾಡಿನ ಹಣ್ಣುಗಳು ದೂರ ದೂರ ಹರಡಿದ್ದು, ಕಾದು ಪ್ರಯೋಜನವಿಲ್ಲ. ಜಗಳಗಂಟತನವೂ ಸೌಹಾರ್ದವೂ ಹಕ್ಕಿಯ ಸ್ವಭಾವವಾಗಿರದೆ ಊಟದ ವ್ಯವಸ್ಥೆಯಾಗಿತ್ತು.

ಎಲ್ಲ ಸರಿ, ಏಪ್ರಿಲಿನಲ್ಲಿ ಮರುಭೂಮಿಯಲ್ಲಿ ಮರಿ ಮಾಡಿದ ಹಕ್ಕಿಯೇ ಜೂನಿನಲ್ಲಿ ಕಾಡಿನಲ್ಲಿ ಮತ್ತೆ ಮರಿ ಮಾಡುತ್ತದೆಯೇ? ಅಥವಾ ಅವು ಎರಡು ಬೇರೆ ಬೇರೆ ಗುಂಪುಗಳೇ? ಇಲ್ಲಿ ಕೈಪಿಡಿಯ ಗುರುತುಗಳೆಲ್ಲ ಸೋತವು. ಯಾವ ಹಕ್ಕಿ ಎಂದು ಹೇಳಲು ಒಂದು ಕ್ಷಣ ಸಾಕು. ಯಾರು ಎಂದು ಹೇಳಲು ಅದರ ಬೆನ್ನಿಗೇ ಯಂತ್ರ ಕಟ್ಟಬೇಕಾಯಿತು. ಡ್ಯಾನಿಯಲ್ ಬಾಲ್ಡಸಾರೆ ಮತ್ತು ಸಹೋದ್ಯೋಗಿಗಳು ದಕ್ಷಿಣ ಕ್ಯಾಲಿಫೋರ್ನಿಯದ ಹಕ್ಕಿಗಳಿಗೆ ಪುಟಾಣಿ ಜಿಪಿಎಸ್ ತೊಡಿಸಿ, ಮರಳಿ ಹಿಡಿದು, ದಾಖಲೆ ಇಳಿಸಿಕೊಂಡರು. ಹಕ್ಕಿಗಳು ಮರುಭೂಮಿಯಿಂದ ಕಾಡಿಗೆ ಹೋದದ್ದು ಅದರಲ್ಲಿತ್ತು. ವಂಶವಾಹಿಗಳ ಹೋಲಿಕೆಯೂ ಅವು ಎರಡು ಬೇರೆ ಪಂಗಡಗಳೆಂಬ ಊಹೆಗೆ ಆಸರೆ ಕೊಡಲಿಲ್ಲ. 2019ರಲ್ಲಿ ಪ್ರಕಟವಾದ ಆ ಅಧ್ಯಯನ, ಒಂದೇ ವರ್ಷದಲ್ಲಿ ಎರಡು ನಾಡುಗಳಲ್ಲಿ ಸಂಸಾರ ಹೂಡುವ ಅಪರೂಪದ ಹಕ್ಕಿಗಳ ಸಾಲಿಗೆ ಇದನ್ನೂ ಸೇರಿಸಲು ಒಲವು ತೋರಿತು. ಆಫ್ರಿಕದ ಕ್ವೀಲಿಯ ಆ ಸಾಲಿನ ಹಳೆಯ ಸದಸ್ಯ. ಕಾಲಿಗೆ ಗುರುತಿನ ಉಂಗುರ ತೊಟ್ಟ ಇದೇ ಹಕ್ಕಿ ಎರಡೂ ಕಡೆ ಮರಿಗೆ ಗುಟುಕು ಕೊಟ್ಟಿತು ಎಂದು ಕಣ್ಣಾರೆ ಕಂಡು ಹೇಳುವುದು ಅದಕ್ಕಿಂತ ಕಠಿಣ ಕೆಲಸ. ಜಿಪಿಎಸ್ ಊರು ತೋರಿಸುತ್ತದೆ, ಗೂಡಿನೊಳಗೆ ಇಣುಕುವುದಿಲ್ಲ.

ಹೀಗೆ ಯಂತ್ರ ಕಟ್ಟಲು, ಕಾಲಿಗೆ ಉಂಗುರ ತೊಡಿಸಲು ಹಕ್ಕಿಯನ್ನು ಬಲೆಯಿಂದ ಬಿಡಿಸಿ ಕೈಯಲ್ಲಿ ಹಿಡಿಯಲೇಬೇಕು. ಜುಟ್ಟು, ಕಣ್ಣು, ಕೊಕ್ಕು, ಬಿಳಿ ಪಟ್ಟಿ ಯಾವುದರಲ್ಲೂ ಸಂಶಯಕ್ಕೆ ಆಸ್ಪದವಿಲ್ಲದ ಘಳಿಗೆ ಅದು. ಆಗ ಫೇನೊಪೆಪ್ಲ ಕಿರುಚತೊಡಗುತ್ತದೆ, ತನ್ನ ದನಿಯ ಜೊತೆಗೆ ಬೇರೆಯವರ ದನಿಯಲ್ಲೂ. ಕೆಂಪುಬಾಲದ ಗಿಡುಗನ ಕೂಗು ಬರುತ್ತದೆ, ಫ್ಲಿಕರ್ ಎಂಬ ಮರಕುಟಿಗನದು ಬರುತ್ತದೆ. ಮಿಯೊಕೊ ಚು ಎಂಬ ಸಂಶೋಧಕಿ ಇಂಥ ಸಂಕಟದ ಕೂಗುಗಳನ್ನು ಧ್ವನಿಮುದ್ರಿಸಿ, ಅವುಗಳಲ್ಲಿ ಯಾರ ಯಾರ ಅನುಕರಣೆ ಇದೆ ಎಂದು ಬಿಡಿಸಿ 2001ರಲ್ಲಿ ಬರೆದರು. ಹನ್ನೆರಡಕ್ಕೂ ಹೆಚ್ಚು ಪ್ರಭೇದಗಳ ದನಿ ಇದರ ಗಂಟಲಲ್ಲಿದೆಯೆಂದು ಪಕ್ಷಿಶಾಸ್ತ್ರದ ಗ್ರಂಥಗಳು ಎಣಿಸುತ್ತವೆ. ಹಿಡಿದ ವೈರಿ ಗಲಿಬಿಲಿಗೊಂಡು ಬಿಟ್ಟುಬಿಡಲಿ ಎಂದೋ, ಆ ದನಿಗೆ ಓಗೊಟ್ಟು ಬೇರೆ ಹಕ್ಕಿಗಳು ಗದ್ದಲವೆಬ್ಬಿಸಲಿ ಎಂದೋ, ವಿದ್ವಾಂಸರ ಚರ್ಚೆ ನಡೆದೇ ಇದೆ. ಬೈನಾಕ್ಯುಲರ್ ಬದಿಗಿಟ್ಟು ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಫೋನಿನ ಮರ್ಲಿನ್ ಆ್ಯಪನ್ನು ನಂಬಿ ಕಣ್ಣು ಮುಚ್ಚಿ ನಿಂತವರಿಗೆ ಆ ಹೊತ್ತಿನಲ್ಲಿ ಪರದೆಯ ಮೇಲೆ ಯಾವ ಹಕ್ಕಿಯ ಚಿತ್ರ ಮೂಡೀತೋ, ಅದನ್ನು ಆ ಕರಿಹಕ್ಕಿಯೇ ಹೇಳಬೇಕು.